ಏಳನೆಯ ಹಾಡಿನಲ್ಲಿ ಬಿಟ್ಟ ಜಾಗ

ಮೆಷಿನ್ ಕೆಟ್ಟಿರಲಿಲ್ಲ. ಇಷ್ಟು ವರ್ಷ ಕೇಳಿದವರಿಗೆಲ್ಲ ಕೆಟ್ಟಿತ್ತು ಎಂದೇ ಹೇಳಿಕೊಂಡು ಬಂದೆ. ಈಗ ಹೇಳದೆ ಇರಲು ಆಗುತ್ತಿಲ್ಲ.

ಕಮಲಾಪುರದಲ್ಲಿ ನಮ್ಮದೊಂದು ಮೈಕ್‌ಸೆಟ್ ಅಂಗಡಿ ಇದೆ. ಈಗ ಅದನ್ನು ನನ್ನ ಮಗಳು ರೇಣುಕಾ ನಡೆಸುತ್ತಾಳೆ. ಮೊನ್ನೆ ಹೋಟೆಲೊಂದರ ಕಾರ್ಯಕ್ರಮಕ್ಕೆ ಕಳಿಸಬೇಕಿದ್ದ ಸ್ಪೀಕರ್‌ಗಳನ್ನು ಪರೀಕ್ಷಿಸಲು ಮೊಬೈಲಿನಿಂದ ಒಂದು ಹಾಡು ಹಾಕಿದಳು. ನಾನು ಮೆಟ್ಟಿಲ ಮೇಲೆ ಕೂತು ವೈರು ಸುತ್ತುತ್ತಿದ್ದೆ. ಬಾಸ್ ಗಿಟಾರಿನ ನಾಲ್ಕು ಹೊಡೆತ ಬಿದ್ದವು. ಅದರ ಮೇಲೆ ತಾಳ ಬೀಳುವ ಕಡೆ ಬೀಳದೆ, ಒಂದು ಹೆಜ್ಜೆ ತಡೆದು ಬೀಳುವ ಚಿಕ್ಕ ಗಿಟಾರ್. ನನ್ನ ಕೈ ನಿಂತಿತು.

"ಅಪ್ಪ, ಇಲ್ಲಿ ನೋಡು, ನಮ್ಮ ಕಮಲಾಪುರದ ಹೆಸರು ಹಾಕ್ಯಾರ ಇದರಾಗ," ಎಂದಳು ರೇಣುಕಾ. "ಅರ್ಲೀನ್ ಅಂತ ಹಾಡಿದಾಕಿ. ಗೊತ್ತೇನು ನಿನಗ?"

ಗೊತ್ತು ಎನ್ನಲಿಲ್ಲ. ಆ ಆಲ್ಬಂ ಬಗ್ಗೆ ಯಾರೋ ಬರೆದದ್ದನ್ನು ಅವಳೇ ಓದಿ ಕನ್ನಡದಲ್ಲಿ ಹೇಳಿದಳು. ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ ಗಾಯಕಿಯ ರೆಗೆ ಹಾಡುಗಳು. ಉಲ್ಲಾಸವಾಗಿವೆ, ಕೂತವರನ್ನು ಎಬ್ಬಿಸುತ್ತವೆ. ಆದರೆ ಮಟ್ಟ ಒಂದೇ ಸಮ ಇಲ್ಲ. ಏಳನೆಯ ಹಾಡಂತೂ ಅರ್ಧಂಬರ್ಧ, ಯಾರದೋ ದನಿಗೆ ಕಾದಂತೆ ನಡುನಡುವೆ ಬರೀ ತಾಳ ಓಡುತ್ತದೆ.

"ಅದ್ಯಾಕ ಹಂಗ ಖಾಲಿ ಬಿಟ್ಟಾರಪ್ಪ? ಟ್ರ್ಯಾಕ್ ಕೆಟ್ಟಿತ್ತೇನು?" ಎಂದು ಕೇಳಿದಳು.

ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಮೆಷಿನ್ ಕೆಟ್ಟಿತ್ತು ಅಂದರೆ ಮುಗಿಯುತ್ತಿತ್ತು. ಅನ್ನಲಾಗಲಿಲ್ಲ.

ಆ ಮಳೆಗಾಲ ನನಗಿನ್ನೂ ಮದುವೆಯಾಗಿರಲಿಲ್ಲ. ಡ್ಯಾಂ ಬೇಗ ತುಂಬಿ ಗೇಟು ಎತ್ತಿದ್ದರು. ಹಂಪಿಯ ಬಳಿ ಹೊಳೆಯ ಸದ್ದು ನಮ್ಮೂರಿನ ಬಾಳೆ ತೋಟಗಳವರೆಗೂ ಕೇಳುತ್ತಿತ್ತು. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಅಂಥ ದಿನಗಳಲ್ಲಿ ಅರ್ಲೀನ್ ಬಾಡಿಗೆ ಸೈಕಲ್ ತಳ್ಳಿಕೊಂಡು ನನ್ನ ಅಂಗಡಿಗೆ ಬಂದಳು. ಕಪ್ಪು ಬಣ್ಣದ ಎತ್ತರದ ಹೆಂಗಸು. ಸೊಂಟದವರೆಗೆ ಜಡೆ. ಹೆಣೆದ ಜಡೆಯಲ್ಲ, ಗಂಟು ಗಂಟಾಗಿ ಹಗ್ಗದಂತೆ ಇಳಿಬಿದ್ದ ಜಡೆ. ಹುಟ್ಟಿದ್ದು ದ್ವೀಪದಲ್ಲಿ, ಬೆಳೆದದ್ದು ಲಂಡನ್ನಿನಲ್ಲಿ, ಈಗ ಹಂಪಿ ಬಜಾರಿನ ಒಂದು ಕೋಣೆಯಲ್ಲಿ ವಾಸ. ಬರೀ ತಾಳ ಮತ್ತು ಬಾಸ್ ಇದ್ದ ಕ್ಯಾಸೆಟ್ಟುಗಳನ್ನು ಊರಿನಿಂದ ತಂದಿದ್ದಳು. ಆ ತಾಳದ ಮೇಲೆ ಇಲ್ಲಿ ಕೂತು ಹಾಡಬೇಕು, ಹಾಡಿದ್ದನ್ನು ತುಂಬಿಕೊಳ್ಳಬೇಕು. ನನ್ನ ಹತ್ತಿರ ಎರಡು ಟೇಪ್ ಮೆಷಿನ್, ಆಂಪ್ಲಿಫೈಯರ್, ಮೈಕು ಇದ್ದವು. ಇಂಗ್ಲಿಷು ಎಸ್ಸೆಸ್ಸೆಲ್ಸಿ ಪಾಸಾದಷ್ಟು ಇತ್ತು.

ಹಿಂದಿನ ಕೋಣೆಯ ಗೋಡೆಗೆ ಗೋಣಿಚೀಲ ಕಟ್ಟಿ ಕೆಲಸ ಸುರು ಮಾಡಿದೆವು. ಅವಳಿಗೆ ಬಾಸ್ ಎಷ್ಟು ಕೊಟ್ಟರೂ ಸಾಲದು. ಬಂದ ವಾರದೊಳಗೇ ಕಲಿತ ಕನ್ನಡದಲ್ಲಿ, ಪಂಪಾಪತಿ ಎಂಬ ನನ್ನ ಹೆಸರನ್ನು ತುಂಡರಿಸಿ, "ಪಂಪಾ, ಭಾಳ ಬಾಸ್! ಇನ್ನಾ ಭಾಳ!" ಎಂದು ಕೂಗುತ್ತಿದ್ದಳು. ಹಾಡುಗಳು ಒಂದಕ್ಕೊಂದು ಸರಿಗಟ್ಟುತ್ತಿರಲಿಲ್ಲ ಎಂಬುದು ಆಗಲೇ ನನಗೆ ತಿಳಿದಿತ್ತು. ಎರಡನೆಯದು ಮಸ್ತ್ ಇತ್ತು, ಅದನ್ನು ಕೇಳಿ ರಸ್ತೆಯ ಕಬ್ಬಿನ ಗಾಡಿಯವರು ಎತ್ತು ನಿಲ್ಲಿಸಿ ತಲೆ ಆಡಿಸುತ್ತಿದ್ದರು. ನಾಲ್ಕನೆಯದನ್ನು ನೆಗಡಿ ಹಿಡಿದಾಗ ಹಾಡಿದ್ದಳು, ಎಳೆದಂತಿತ್ತು. ಐದನೆಯದರಲ್ಲಿ ಹೊಸಪೇಟೆ ಬಸ್ಸಿನ ಹಾರ್ನ್ ಸೇರಿಕೊಂಡಿತು. ಅಳಿಸಿ ಮತ್ತೆ ಮಾಡೋಣ ಎಂದರೆ, "ಇರಲಿ, ಬಸ್ಸೂ ಹಾಡಲಿ," ಎಂದು ನಕ್ಕಳು. ಆ ಬರಹಗಾರ ಮಟ್ಟ ಸಮ ಇಲ್ಲ ಎಂದು ಬರೆದದ್ದು ಸರಿಯೇ. ಆ ಏರಿಳಿತ ಎಲ್ಲೆಲ್ಲಿಂದ ಬಂತು ಎಂಬುದು ಗುಂಡಿ ತಿರುಗಿಸಿದ ನನಗೆ ಗೊತ್ತು.

ನಮ್ಮ ಕಡೆ ಹೆಂಗಸಿಗೆ ಜಡೆಗಟ್ಟಿದರೆ ಅದು ಹುಲಿಗೆಮ್ಮ ಕರೆದ ಗುರುತು. ಬಾಚಬಾರದು, ಕತ್ತರಿಸಬಾರದು. ಜೋಗತಿಯಾಗಿ ಪಡಲಗಿ ಎಂಬ ದೇವಿಯ ಬುಟ್ಟಿ ಹೊತ್ತು ಮನೆಮನೆಗೆ ಹೋಗಬೇಕು. ಅರ್ಲೀನಳ ಜಡೆ ನೋಡಿದ ನಮ್ಮೂರ ಹೆಂಗಸರು ಎರಡನೆಯ ಮಾತಿಗೆ ಹೋಗಲಿಲ್ಲ. ಮಂಗಳವಾರ ಬಂದು ಅವಳ ತಲೆಗೆ ಭಂಡಾರ ಹಚ್ಚಿ, ಉಡಿಯಲ್ಲಿ ಅಕ್ಕಿ ಹಾಕಿ, ಕಾಲಿಗೆ ಬಿದ್ದರು. ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ತಿಳಿಸಿ ಹೇಳಿದೆ. ಇದು ನಮ್ಮ ದ್ವೀಪದವರ ಪದ್ಧತಿ, ನಾನೇ ಬಿಟ್ಟುಕೊಂಡದ್ದು ಎಂದಳು. ಅದನ್ನು ಹೆಂಗಸರಿಗೆ ಹೇಳಿದರೆ ಯಾರೂ ನಂಬಲಿಲ್ಲ.

ಈ ಸುದ್ದಿ ಪಾಪಿನಾಯಕನಹಳ್ಳಿಗೆ ಮುಟ್ಟಿ ನನ್ನ ದೊಡ್ಡವ್ವ ಬಂದಳು. ಹುಲಿಗೆವ್ವ, ನನ್ನ ತಾಯಿಯ ಅಕ್ಕ. ಅವಳೂ ಜೋಗತಿ. ಅವಳಿಗೂ ಜಡೆ. ಹೆಗಲಿಗೆ ಒಂಟಿ ತಂತಿಯ ಚೌಡಿಕೆ. ಅಪ್ಪ ಅವ್ವ ತೀರಿಕೊಂಡ ಮೇಲೆ ನನ್ನನ್ನೂ ತಂಗಿ ಗಂಗಾಳನ್ನೂ ಸಾಕಿದವಳು ಇವಳೇ. ಇವಳು ಬೇಡಿ ತಂದ ಜೋಳದ ರೊಟ್ಟಿ ತಿಂದು ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಅಂಗಡಿ ಹಾಕಿದ ಮೇಲೆ ಮಾತ್ರ, ಅವಳು ಹಗಲು ಹೊತ್ತು ನಮ್ಮ ಮನೆಗೆ ಬಂದರೆ ನನ್ನ ಮುಖ ಸಣ್ಣದಾಗುತ್ತಿತ್ತು. ಅವಳಿಗೆ ಅದು ತಿಳಿಯುತ್ತಿರಲಿಲ್ಲವೋ, ತಿಳಿದೂ ಬರುತ್ತಿದ್ದಳೋ.

ದೊಡ್ಡವ್ವ ಅರ್ಲೀನಳ ಜಡೆ ಕೈಯಲ್ಲಿ ಹಿಡಿದು ತೂಗಿ ನೋಡಿದಳು.

"ಯಾವಾಗ ಬಿತ್ತವ್ವ ನಿನಗ? ಅಮ್ಮ ಕನಸಿನ್ಯಾಗ ಬಂದಿದ್ಲೇನು?"

"ಅಕಿ ತಾನ ಬಿಟ್ಕೊಂಡಾಳಂತ, ದೊಡ್ಡವ್ವ. ದೇವರು ಬಂದದ್ದಲ್ಲ," ಎಂದೆ ನಾನು.

"ನೀ ಸುಮ್ಕಿರಲೇ. ಜಡಿ ಬಗ್ಗೆ ನನಗ ಹೇಳ್ತೀಯೇನು, ತಲ್ಯಾಗ ನಾಲ್ಕು ಕೂದ್ಲಿಲ್ಲದಾಂವ."

ಅರ್ಲೀನಳಿಗೆ ಮಾತು ತಿಳಿಯದಿದ್ದರೂ ನಗು ಬಂತು. ದೊಡ್ಡವ್ವ ಚೌಡಿಕೆ ಮೀಟಿದಳು. ಅದರ ಪೆಟ್ಟು ಬಿದ್ದ ಕಡೆ ಅರ್ಲೀನಳ ಭುಜ ತಾನಾಗಿ ಏರಿತು. ಓಡಿಹೋಗಿ ಒಂದು ತಾಳದ ಕ್ಯಾಸೆಟ್ ತಂದು ಹಾಕಿದಳು. ದೊಡ್ಡವ್ವ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿದಳು. "ಈ ತಾಳ ಕುಂಟ್ತೈತಿ. ಆದ್ರ ಖುಷೀಲೆ ಕುಂಟ್ತೈತಿ," ಎಂದು ಅದರೊಳಕ್ಕೆ ಇಳಿದಳು.

ಏಳನೆಯ ಹಾಡು ಹಾಗೆ ಆಯಿತು. ಎರಡು ಮೈಕು, ಒಂದೇ ಸಲ. ಅರ್ಲೀನ್ ತನ್ನ ಭಾಷೆಯಲ್ಲಿ ಒಂದು ಸಾಲು ಹೇಳಿ ಬಿಡುತ್ತಿದ್ದಳು, ಬಿಟ್ಟ ಜಾಗದಲ್ಲಿ ದೊಡ್ಡವ್ವ ಅಲ್ಲೇ ಕಟ್ಟಿದ ಪದ ತುಂಬುತ್ತಿದ್ದಳು. ಮುಗಿದಾಗ ಅರ್ಲೀನ್ ಕಣ್ಣು ಒರೆಸಿಕೊಂಡು, ಉಳಿದ ಹಾಡೆಲ್ಲ ಇದಕ್ಕಾಗಿ ಮಾಡಿದ ಅಭ್ಯಾಸ ಎಂದಳು. ಆ ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ತಾನೇ ಮುರಿದು ಹಾಕಿದಳು. ಹಲ್ಲು ಮುರಿದ ಮೇಲೆ ಕ್ಯಾಸೆಟ್ಟಿನ ಮೇಲೆ ಬೇರೇನೂ ತುಂಬಲು ಬರುವುದಿಲ್ಲ.

ಆ ಹೊತ್ತಿಗೆ ಗಂಗಾಳಿಗೆ ಕಂಪ್ಲಿಯಿಂದ ಒಂದು ಸಂಬಂಧ ಬಂದಿತ್ತು. ನಮ್ಮ ಪೈಕಿಯವರೇ, ಸ್ವಂತ ಅಕ್ಕಿ ಗಿರಣಿ ಇದ್ದ ಮನೆ. ಮಧ್ಯಸ್ಥಿಕೆಯ ಕೋಟ್ರಪ್ಪನಿಗೆ ನಾನು, ನಮ್ಮನ್ನು ಸಾಕಿದ್ದು ಸೋದರಮಾವ ಎಂದು ಹೇಳಿಬಿಟ್ಟಿದ್ದೆ. ಅಂಥ ಮಾವ ಯಾರೂ ಇರಲಿಲ್ಲ. ಜೋಗತಿ ಸಾಕಿದ ಹುಡುಗಿ ಎಂದರೆ ಗಿರಣಿಯವರು ಬಾಗಿಲಲ್ಲೇ ತಿರುಗಿ ಹೋಗುತ್ತಾರೆ ಎಂದು ನನಗೆ ನಾನೇ ಗಟ್ಟಿ ಮಾಡಿಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ.

ಒಂದು ದಿನ ಏಳನೆಯ ಹಾಡು ಕೇಳುತ್ತ ಕೂತಾಗ ಕೋಟ್ರಪ್ಪ ಕೊಡೆ ಮಡಚುತ್ತ ಒಳಗೆ ಬಂದ.

"ಯಾರಲೇ ಇದು? ಈ ಜೋಗತಿ ದನಿ ಎಲ್ಲೋ ಕೇಳೀನಲ್ಲ ನಾನು."

ಟೇಪು ನಿಲ್ಲಿಸಿದೆ. "ಯಾರೋ. ಆ ಫಾರಿನ್ನಿನಾಕಿ ಕರ್ಕೊಂಡು ಬಂದಿದ್ಲು."

"ಇರ್ಲಿ. ಕಂಪ್ಲಿಯವರು ಸಂತಿ ದಿನ ಬರ್ತಾರ, ಹುಡುಗೀನ್ನ ನೋಡಾಕ. ಮನಿ ಸಾರ್ಸಿ ಇಡ್ರಿ."

ಅವನು ಎದ್ದು ಹೋದ ಹಿಂದೆಯೇ ಅರ್ಲೀನ್ ಕುಣಿಯುತ್ತ ಬಂದಳು. ಅವಳು ಊರಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ಸಂತೆಯ ದಿನ ಅಂಗಡಿ ಮಾಳಿಗೆಯ ಹಾರ್ನ್ ಸ್ಪೀಕರಿನಲ್ಲಿ ಎಲ್ಲ ಹಾಡುಗಳನ್ನೂ ಹಾಕಬೇಕು, ಊರೇ ಕೇಳಬೇಕು, ಎಲ್ಲರ ಮುಂದೆ ಹುಲಿಗೆವ್ವ ತನ್ನ ದನಿ ತಾನು ಕೇಳಬೇಕು. ದೊಡ್ಡವ್ವನಿಗೆ ಹೇಳಿಕಳಿಸಿಯೂ ಆಗಿತ್ತು. ದೊಡ್ಡವ್ವ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳಂತೆ. ಆಲ್ಬಮ್ಮಿನ ಮೇಲೆ ಅವಳ ಫೋಟೋ, ಹೆಸರು, ಪಂಪಾಪತಿಯ ದೊಡ್ಡವ್ವ ಎಂದು ಹಾಕುತ್ತೇನೆ ಎಂದಳು ಅರ್ಲೀನ್.

ಆಗಲಿ ಎಂದೆ. ಅದೇ ದಿನ ಕಂಪ್ಲಿಯವರು ನಮ್ಮ ಮನೆಯಲ್ಲಿ ಕೂತು ಅದನ್ನು ಕೇಳುತ್ತಾರೆ ಎಂದು ಅವಳಿಗೆ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಪಾಪಿನಾಯಕನಹಳ್ಳಿಗೆ ಹೋದೆ. ಸಂಡೂರಿನಲ್ಲಿ ಒಬ್ಬ ಗಣಿ ಸಾಹುಕಾರರ ಮನೆಯಲ್ಲಿ ಚೌಡಿಕೆ ಪದ ಹೇಳಿಸಬೇಕಂತೆ, ಸಂತೆಯ ದಿನವೇ ಬರಬೇಕಂತೆ ಎಂದೆ.

"ಸಂತಿ ದಿನ ನನ್ನ ಹಾಡು ಹಾಕ್ತೀರಲ್ಲೋ?"

"ಅದನ್ನ ಮುಂದಕ್ಕ ಹಾಕೀವಿ, ದೊಡ್ಡವ್ವ. ಮಳಿ ಐತಿ."

"ಹಂಗಂದ್ರ ಹೋಗಿ ಬರ್ತೀನಿ. ಕರೆದವರ ಮನಿ ಬಿಡಬಾರದು," ಎಂದಳು. ಯಾವ ಓಣಿ ಎಂದು ಕೇಳಿದಳು. ಬಾಯಿಗೆ ಬಂದ ಓಣಿ ಹೇಳಿದೆ.

ಉಳಿದದ್ದು ಕ್ಯಾಸೆಟ್. ಸಂತೆಯ ಹಿಂದಿನ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಇಳಿಸಿದೆ. ಮುರಿದ ಹಲ್ಲಿನ ತೂತಿಗೆ ಗಮ್ ಟೇಪಿನ ಚೂರು ಅಂಟಿಸಿದೆ, ತೂತು ಮುಚ್ಚಿದರೆ ಮತ್ತೆ ತುಂಬಲು ಬರುತ್ತದೆ. ಮೈಕಿನ ವಾಲ್ಯೂಮು ಪೂರ್ತಿ ಇಳಿಸಿದೆ. ಆ ಮೆಷಿನ್ನುಗಳಲ್ಲಿ ರೆಕಾರ್ಡ್ ಮಾಡಲು ಕೆಂಪು ಗುಂಡಿ, ಪ್ಲೇ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಬೇಕು. ಕೈತಪ್ಪಿ ಆಗಬಾರದೆಂದೇ ಹಾಗೆ ಮಾಡಿರುತ್ತಾರೆ. ಎರಡು ಬೆರಳಿಟ್ಟು ಒತ್ತಿದೆ.

ಹಾಡು ಎಷ್ಟು ಉದ್ದವೋ ಅಳಿಸುವುದೂ ಅಷ್ಟೇ ಹೊತ್ತು. ಏನೂ ಕೇಳಿಸುವುದಿಲ್ಲ. ರೀಲು ತಿರುಗುವುದು ಮಾತ್ರ ಕಾಣುತ್ತದೆ. ಹೊರಗೆ ಸೈಕಲ್ಲಿನ ಗಂಟೆ ಆದಾಗಲೆಲ್ಲ ಅರ್ಲೀನ್ ಬಂದಳೆಂದು ಷಟರಿನ ಕೆಳಗೆ ಬಗ್ಗಿ ನೋಡುತ್ತಿದ್ದೆ. ನಡುವೆ ಕರೆಂಟು ಹೋಯಿತು. ರೀಲು ನಿಂತಿತು. ಹೆದರಿ ಗುಂಡಿಗಳನ್ನು ಎತ್ತಿಬಿಟ್ಟೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅರ್ಧ ಹಾಡು ಉಳಿದಿತ್ತು. ಯಾಕೋ ಗೊತ್ತಿಲ್ಲ, ಆ ಕತ್ತಲಲ್ಲಿ ಕರೆಂಟು ಬಾರದೇ ಇರಲಿ ಎಂದು ನಾನೇ ಬೇಡಿಕೊಂಡೆ. ಬಂತು. ಎಲ್ಲಿಗೆ ನಿಂತಿದೆ ನೋಡಲು ಪ್ಲೇ ಮಾತ್ರ ಒತ್ತಿದೆ. ದೊಡ್ಡವ್ವನ ದನಿ ಕೋಣೆ ತುಂಬ ಎದ್ದಿತು.

"ಹೊಳಿ ದಾಟಿ ಬಂದಾಳ, ಕಾಲಿಗೆ ನೀರು ಕೊಡ್ರೇ..."

ಅರ್ಲೀನಳಿಗಾಗಿ ಕಟ್ಟಿದ ಸಾಲು. ನಿಲ್ಲಿಸಿದೆ. ಟೇಪನ್ನು ಚೂರು ಹಿಂದಕ್ಕೆ ಸುತ್ತಿದೆ. ಮತ್ತೆ ಎರಡು ಬೆರಳಿಟ್ಟು ಒತ್ತಿದೆ.

ಸಂತೆಯ ದಿನ ಮೋಡ ಕವಿದಿತ್ತು, ಮಳೆ ಸುರಿಯಲಿಲ್ಲ. ಕಂಪ್ಲಿಯವರು ಬಂದು ಅಂಗಡಿಯ ಹಿಂದಿನ ನಮ್ಮ ಮನೆಯಲ್ಲಿ ಕೂತಿದ್ದರು. ಮಾಳಿಗೆಯ ಮೇಲಿನ ಹಾರ್ನಿನಲ್ಲಿ ಮೊದಲ ಹಾಡು ಸುರುವಾದಾಗ ಸಂತೆ ತಿರುಗಿ ನೋಡಿತು. ಎರಡನೆಯದಕ್ಕೆ ಹಮಾಲರು ಚೀಲ ಇಳಿಸಿ ಕುಣಿದರು. ಬಾಳೆಹಣ್ಣು ಮಾರುವವಳು ಅರ್ಲೀನಳ ಕೈ ಹಿಡಿದು ತಾನೂ ನಾಲ್ಕು ಹೆಜ್ಜೆ ಹಾಕಿದಳು. ಐದನೆಯದರಲ್ಲಿ ಬಸ್ಸಿನ ಹಾರ್ನ್ ಬಂದಾಗ ಒಬ್ಬ ಹೌಹಾರಿ ದಾರಿ ಬಿಟ್ಟ, ಸಂತೆಗೆ ಸಂತೆಯೇ ನಕ್ಕಿತು. ಅರ್ಲೀನ್ ಮಾತ್ರ ರಸ್ತೆಯತ್ತ ನೋಡುತ್ತಿದ್ದಳು. ಹುಲಿಗೆವ್ವ ಎಲ್ಲಿ ಎಂದಳು. ಸಂಡೂರಿಗೆ ಹೋದಳು, ಕರೆ ಬಂತು ಎಂದೆ. ಅವಳ ಮುಖ ಸಪ್ಪಗಾಯಿತು. ಇರಲಿ, ಜನರಾದರೂ ಕೇಳಲಿ ಎಂದಳು.

ಆರನೆಯದು ಮುಗಿಯಿತು. ಹಾರ್ನಿನಿಂದ ಗುಂಯ್ ಎನ್ನುವ ಸದ್ದಷ್ಟೇ ಬಂತು.

ಮುಂದಕ್ಕೆ ಓಡಿಸಿದ್ದರೆ ಖಾಲಿ ಇರುವುದು ನನಗೆ ಮೊದಲೇ ಗೊತ್ತೆಂದು ಆಗುತ್ತಿತ್ತು. ಹಾಗಾಗಿ ಟೇಪನ್ನು ಹಾಗೇ ಓಡಲು ಬಿಟ್ಟೆ. ವೈರು ಅಲುಗಾಡಿಸಿದೆ, ಗುಂಡಿ ತಿರುಗಿಸಿದೆ, ಹುಡುಕುವವನಂತೆ ಮೆಷಿನ್ನಿನ ಹಿಂದೆ ಬಗ್ಗಿದೆ. ಸಂತೆಯವರು ಸ್ವಲ್ಪ ಹೊತ್ತು ಮೇಲೆ ನೋಡಿ, ಆಮೇಲೆ ತಮ್ಮ ತಮ್ಮ ಚೌಕಾಶಿಗೆ ತಿರುಗಿದರು. ಅರ್ಲೀನ್ ನನ್ನ ಎದುರು ಬಂದು ನಿಂತಳು.

ಹುಡುಗನ ತಾಯಿ ಶಂಕ್ರಮ್ಮ ಒಳಗಿನಿಂದ ಎದ್ದು ಅಂಗಡಿ ಬಾಗಿಲಿಗೆ ಬಂದದ್ದು ಆಗಲೇ.

"ಯಾಕ್ರೀ, ಹುಲಿಗೆವ್ವನ ಹಾಡು ಹಾಕ್ಲಿಲ್ಲ?"

ನಾನು ಮೆಷಿನ್ನಿನ ಹಿಂದಿನಿಂದ ಎದ್ದೆ. "ಯಾವ ಹುಲಿಗೆವ್ವ, ಅಮ್ಮಾರ?"

"ಅಯ್ಯ, ನಿಮ್ಮ ದೊಡ್ಡವ್ವ. ವರ್ಷಾ ನಮ್ಮ ಗಿರಣಿಗೆ ಬಂದು ಪದ ಹೇಳ್ತಾಳ, ನಾನ ಪಡಲಗಿ ತುಂಬಿಸಿ ಕಳಿಸ್ತೀನಿ. ಅಕಿ ಸಾಕಿದ ಹುಡುಗಿ ಅಂತ ಕೇಳೇ ನಾನು ಈ ಮನಿ ನೋಡಾಕ ಒಪ್ಪಿದ್ದು. ಕೋಟ್ರಪ್ಪಗ ಇನ್ನಾ ಗೊತ್ತಿಲ್ಲ ಅನ್ನಿಸ್ತೈತಿ, ಮಾವ ಸಾಕ್ಯಾನ ಅಂತಾನ," ಎಂದು ನಕ್ಕಳು. "ಇವತ್ತು ಅಕಿ ಹಾಡು ಹಾಕ್ತಾರಂತ ಆಸೆಪಟ್ಟು ಬಂದಿದ್ದೆ."

"ಮೆಷಿನ್ ಕೆಟ್ಟೈತ್ರಿ," ಎಂದೆ.

ಮೊದಲ ಸಲ ಆ ಮಾತು ಹೇಳಿದ್ದು ಅವಳಿಗೆ. ಎರಡನೆಯ ಸಲ ಅರ್ಲೀನಳಿಗೆ, ಇಂಗ್ಲಿಷಿನಲ್ಲಿ. ಅವಳು ಕ್ಯಾಸೆಟ್ ತೆಗೆದು ಕೈಯಲ್ಲಿ ಹಿಡಿದಳು. ಗಮ್ ಟೇಪಿನ ಚೂರನ್ನು ನಾನು ಕಿತ್ತು ಹಾಕಿದ್ದೆ, ಅಂಟು ಉಳಿದಿತ್ತು. ಅವಳ ಹೆಬ್ಬೆರಳು ಆ ತೂತಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ನನ್ನನ್ನು ನೋಡಿದಳು. ಬೈದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಅವಳು ಬೈಯಲಿಲ್ಲ. "ಮೆಷಿನ್," ಎಂದಳು, ಅಷ್ಟೇ. ಸಂಜೆಯವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಂಡೂರು ಕಡೆಯಿಂದ ಬರುವವರನ್ನು ನೋಡುತ್ತ ಕೂತಿದ್ದು, ಕೊನೆಗೆ ಹೊಸಪೇಟೆಯ ಬಸ್ಸು ಹತ್ತಿದಳು. ಮರುದಿನ ಅವಳ ರೈಲು.

ದೊಡ್ಡವ್ವ ಮರುದಿನ ಬಂದಳು, ಮೈಯೆಲ್ಲ ಒದ್ದೆ, ಜ್ವರ. ಸಂಡೂರಿನಲ್ಲಿ ಮಳೆ ಸುರಿದಿತ್ತು. ಚೌಡಿಕೆಗೆ ನೀರು ತಾಗದಂತೆ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಆ ಮನಿ ಸಿಗ್ಲಿಲ್ಲಪ್ಪ. ಓಣಿ ಓಣಿ ಕೇಳಿದೆ. ನಾನ ದಾರಿ ತಪ್ಪಿದ್ನೋ ಏನೋ. ಪಾಪ, ಅವರು ಕಾದಿರ್ತಾರ."

ನಾನು ಒಣಗಿದ ಪಂಚೆ ತಂದು ಅವಳ ಹೆಗಲಿಗೆ ಹೊದಿಸಿದೆ.

"ಅಕಿ ಹೋದಳೇನು? ನನ್ನ ದನಿ ಒಯ್ದಳೇನು?"

"ಒಯ್ದಳು, ದೊಡ್ಡವ್ವ."

ಗಂಗಾಳ ಮದುವೆ ಕಂಪ್ಲಿಗೇ ಆಯಿತು. ಶಂಕ್ರಮ್ಮ ತಾನೇ ಬಂದು ಕರೆದು ದೊಡ್ಡವ್ವನನ್ನು ಚಪ್ಪರದಲ್ಲಿ ಮುಂದೆ ಕೂರಿಸಿದಳು. ಆ ಸಂಡೂರಿನ ಮಳೆಯ ಕೆಮ್ಮು ಮಾತ್ರ ದೊಡ್ಡವ್ವನನ್ನು ಬಿಡಲಿಲ್ಲ. ಪದ ಹೇಳುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ನನ್ನ ಮದುವೆಯಾಗಿ ರೇಣುಕಾ ಹುಟ್ಟಿದಾಗ ಅವಳಿಗೆ ಹೆಸರಿಟ್ಟವಳು ದೊಡ್ಡವ್ವನೇ. ತೊಟ್ಟಿಲು ತೂಗುತ್ತ ಅವಳು ಹೇಳುತ್ತಿದ್ದುದು ಒಂದೇ ಮಾತು: "ನಿನ್ನ ಅಜ್ಜಿ ದನಿ ಸಮುದ್ರ ದಾಟಿ ಹೋಗೈತಿ, ಗೊತ್ತೇನು? ಅಲ್ಲಿ ಮಂದಿ ಕುಂತು ಕೇಳ್ತಾರ." ಆಮೇಲೆ ನನ್ನ ಕಡೆ ತಿರುಗಿ, "ಕೇಳ್ತಾರಲ್ಲೋ, ಪಂಪಾ?" ಎನ್ನುವಳು. ಕೇಳ್ತಾರ ದೊಡ್ಡವ್ವ, ಎನ್ನುತ್ತಿದ್ದೆ. ಅದನ್ನು ನಂಬಿಕೊಂಡೇ ಹೋದಳು.

ಇದನ್ನೆಲ್ಲ ರೇಣುಕಾಳಿಗೆ ಹೇಳಿ ಮುಗಿಸುವ ಹೊತ್ತಿಗೆ ಸ್ಪೀಕರ್ ಒಯ್ಯಲು ಬಂದ ಗಾಡಿಯವನು ಕಾದು ಕಾದು ಹಾರ್ನ್ ಬಾರಿಸುತ್ತಿದ್ದ. ಅವಳು ಅವನನ್ನು ಕಳಿಸಿ ಬಂದು ನನ್ನೆದುರು ಕೂತಳು. ನನ್ನ ಮುಖ ನೋಡಲಿಲ್ಲ.

ಮೊಬೈಲಿನಲ್ಲಿ ಏಳನೆಯ ಹಾಡು ಹಾಕಿದಳು. ಅರ್ಲೀನ್ ಊರಿಗೆ ಹೋಗಿ ತನ್ನ ಭಾಗವನ್ನು ಮಾತ್ರ ಮತ್ತೆ ಹಾಡಿದ್ದಾಳೆ. ದೊಡ್ಡವ್ವನ ಜಾಗಗಳನ್ನು ತುಂಬಲಿಲ್ಲ, ಬೇರೆಯವರಿಗೂ ಕೊಡಲಿಲ್ಲ. ಒಂದು ಸಾಲು ಹೇಳುತ್ತಾಳೆ, ಸುಮ್ಮನಾಗುತ್ತಾಳೆ, ತಾಳ ಕುಂಟುತ್ತ ಹೋಗುತ್ತದೆ, ಮತ್ತೆ ಹೇಳುತ್ತಾಳೆ. ಕೆಳಗೆ ಕೃತಜ್ಞತೆ ಹೇಳಿದ ಕಡೆ, ರೇಣುಕಾ ಮೊದಲು ಪೂರ್ತಿ ಓದಿರದ ಜಾಗದಲ್ಲಿ, ಕಮಲಾಪುರದ ಹುಲಿಗೆವ್ವ ಎಂದಿದೆ. ಅದರ ಪಕ್ಕದಲ್ಲೇ ನನ್ನ ಹೆಸರೂ ಇದೆ. ಅದನ್ನು ಓದಲು ನನ್ನಿಂದ ಆಗಲಿಲ್ಲ.

"ಅಕಿಗೆ ಹೇಳ್ಬೇಕು, ರೇಣುಕಾ," ಎಂದೆ. "ಇಂಥಾವರಿಗೆ ಸುದ್ದಿ ಮುಟ್ಟಿಸಾಕ ಬರ್ತದಂತಲ್ಲ ಈಗ. ನೀನ ಬರಿ."

"ನಾ ಯಾಕ ಬರೀಲಿ? ನೀನ ಹೇಳು. ನಿನ್ನ ಬಾಯ್ಲೇ ಹೇಳು," ಎಂದು ಮೊಬೈಲನ್ನು ನನ್ನ ಮುಂದೆ ಇಟ್ಟಳು. ಪರದೆಯ ಮೇಲೆ ಒಂದು ಕೆಂಪು ಚುಕ್ಕೆ. ಈಗ ಅದಕ್ಕೆ ಒಂದೇ ಬೆರಳು ಸಾಕು.

ಒತ್ತಿದೆ. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಗಮ್ ಟೇಪಿನ ಚೂರು ಹೇಳಿದೆ, ಸಂಡೂರು ಹೇಳಿದೆ, ಕರೆಂಟು ಹೋದದ್ದು ಹೇಳಿದೆ. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂತು, ಅದನ್ನು ಅವಳ ಹತ್ತಿರ ಕೇಳುವುದಕ್ಕೆ ಮೊದಲು ಕೇಳಬೇಕಾದವಳು ಇಲ್ಲ ಎನ್ನಿಸಿ ಬಿಟ್ಟೆ.

"ಅಜ್ಜಿ ಹಾಡಿದ್ದು ನೆನಪೈತೇನು?" ಎಂದು ರೇಣುಕಾ ಕೇಳಿದಳು.

"ಒಂದು ಸಾಲು ಐತಿ."

"ಹಾಡು."

ಏಳನೆಯ ಹಾಡನ್ನು ಅವಳು ಅಂಗಡಿಯಲ್ಲಿ ಉಳಿದಿದ್ದ ಒಂದು ಸ್ಪೀಕರಿನಲ್ಲಿ ಮತ್ತೆ ಹಾಕಿದಳು. ಅರ್ಲೀನ್ ತನ್ನ ಸಾಲು ಹೇಳಿ ಬಿಟ್ಟುಕೊಟ್ಟಳು. ನಾನು ಎಂದೂ ಹಾಡಿದವನಲ್ಲ. ಹೊಳಿ ದಾಟಿ ಬಂದಾಳ, ಕಾಲಿಗೆ ನೀರು ಕೊಡ್ರೇ ಎಂದೆ. ತಾಳಕ್ಕೆ ಸರಿಯಾಗಿ ಕೂತಿತು. ಅರ್ಲೀನ್ ಇನ್ನೊಂದು ಸಾಲು ಹೇಳಿ ಮತ್ತೆ ಬಿಟ್ಟುಕೊಟ್ಟಳು. ನನ್ನ ಹತ್ತಿರ ಬೇರೆ ಸಾಲು ಇರಲಿಲ್ಲ. ಅಪ್ಪ ಮಗಳು ಇಬ್ಬರೂ ಕೂತು, ಉಳಿದ ಜಾಗದಲ್ಲಿ ಬರೀ ತಾಳ ಓಡುವುದನ್ನು ಕೇಳಿದೆವು.